ನೀಲಿ ಗುರುತಿನ ಉಣ್ಣೆ

ಅಳೆಯದೆ ಬರೆದ ಒಂದು ಅಂಕಿಯ ವಿಷಯ ಇದು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸೇಲಂನಲ್ಲಿ ನೆಲದಡಿಯ ನೀರು ಹುಡುಕುವ ಒಂದು ತಂಡದಲ್ಲಿ ಸಹಾಯಕನಾಗಿದ್ದೆ. ಬಂಡೆಯ ಪದರ ಯಾವ ಕಡೆಗೆ, ಎಷ್ಟು ವಾಲಿದೆ ಎಂದು ಅಳೆದು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ.

ನಂಗವಳ್ಳಿಯ ಆಚೆ ನನ್ನ ಸೋದರತ್ತೆಯ ಹಟ್ಟಿ. ಹಟ್ಟಿಗೆಲ್ಲ ಕುಡಿಯಲು ಒಂದೇ ಬಾವಿ. ಬಾವಿಯ ಪಶ್ಚಿಮಕ್ಕೆ ಕಲ್ಲುದಿಬ್ಬ. ದಿಬ್ಬದ ಆಚೆ ಸುಣ್ಣಕಲ್ಲಿನಲ್ಲಿ ತಾನಾಗಿ ಬಿದ್ದ ಆಳವಾದ ಕುಳಿ. ರೋಗ ಬಂದು ಸತ್ತ ಕುರಿಗಳನ್ನು ಅದರೊಳಗೆ ಹಾಕುವುದು ವಾಡಿಕೆ. ಕುಳಿಯ ಹತ್ತಿರ ಹೋದವರು ತಲೆಗೆ ನೀರು ಹಾಕಿಕೊಳ್ಳದೆ ದೊಡ್ಡಿಗಾಗಲಿ ಮನೆಗಾಗಲಿ ಬರುವಂತಿಲ್ಲ.

ಅಳತೆಗೆ ಹೋದ ದಿನ ಮಧ್ಯಾಹ್ನದ ಊಟ ಅತ್ತೆಯ ಮನೆಯಲ್ಲಿ. ಹಸಿವಾಗಿತ್ತು, ಸ್ನಾನಕ್ಕೆ ಬೇಸರ. ದಿಬ್ಬ ಸುತ್ತಿಕೊಂಡು ಪಶ್ಚಿಮದ ಕಡೆಯಿಂದ ಬರುತ್ತಾ, ಕುಳಿ ಇನ್ನೂ ನೂರು ಹೆಜ್ಜೆ ಇರುವಾಗಲೇ ನಿಂತೆ. ಅಲ್ಲಿನ ಬಂಡೆ ಪಶ್ಚಿಮಕ್ಕೆ ವಾಲಿತ್ತು. ಕುಳಿಯ ಹೆಸರಿನ ಮುಂದೆಯೂ ಅದೇ ಅಂಕಿ ಬರೆದೆ.

ನಮ್ಮ ಭೂವಿಜ್ಞಾನಿ ಮರದ ಪೆಟ್ಟಿಯಲ್ಲಿ ಬಣ್ಣಬಣ್ಣದ ಜೇಡಿಮಣ್ಣನ್ನು ಪದರಪದರವಾಗಿ ಹರಡಿ, ಪಕ್ಕದ ಹಲಗೆಯನ್ನು ತಿರುಪಿನಿಂದ ಒತ್ತುತ್ತಿದ್ದರು. ಪದರಗಳು ಮಡಿಚಿಕೊಂಡು ಮೇಲೇಳುತ್ತಿದ್ದವು. ಬೆಟ್ಟ ಹುಟ್ಟುವುದು ಹಾಗೆಯೇ ಎನ್ನುತ್ತಿದ್ದರು. ನನ್ನ ಅಂಕಿಗಳಿಗೆ ಹೊಂದುವವರೆಗೆ ಒತ್ತಿ, ತಂತಿಯಿಂದ ಸೀಳಿದರು. ಬಿಳಿ ಪದರ ಸುಣ್ಣಕಲ್ಲು. ನೀರು ಅದನ್ನು ಕರಗಿಸಿಕೊಂಡು ದಾರಿ ಮಾಡಿಕೊಳ್ಳುತ್ತದೆ. ಪೆಟ್ಟಿಯಲ್ಲಿ ಅದು ಕುಳಿಯಿಂದ ಪಶ್ಚಿಮಕ್ಕೆ, ಬಾವಿಯಿಂದ ದೂರಕ್ಕೆ ಇಳಿದಿತ್ತು.

ಆ ವರ್ಷ ಅತ್ತೆಯ ಮಂದೆಗೆ ರೋಗ ಬಿತ್ತು. ನೋಡಿಬರಲು ಹೋದೆ.

"ಏನ್ಲಾ, ನಿಮ್ಮ ಸಾರು ಪೆಟ್ಟಿಯಾಗೆ ಬೆಟ್ಟ ಮಾಡವ್ರಂತೆ? ಕುರಿ ಏನಾರ ಮೇಯ್ತವಾ ಅದ್ರಾಗೆ?" ಅಂದಳು.

"ಮಣ್ಣಿನ ಬೆಟ್ಟ ಅತ್ತೆ. ಒಳಗೆ ಬಂಡೆ ಎಂಗೈತೆ ಅಂತ ನೋಡಾಕೆ."

"ಅಂಗಾರೆ ಯೋಳು, ಕುಳಿಗೆ ಆಕಿದ್ದು ನಮ್ಮ ಬಾವಿಗೆ ಬತ್ತದಾ? ನಿಮ್ಮಾವ ಊತುಬುಡಾನ ಅಂತಾರೆ. ಈ ಕಲ್ಲುನೆಲದಾಗೆ ಅಷ್ಟು ಕುರಿಗೆ ಗುಂಡಿ ತೋಡೋರು ಯಾರ್ಲಾ?"

"ಬರಾಕಿಲ್ಲ. ನೀರು ಆ ಕಡೆ ಓಯ್ತದೆ. ಪೆಟ್ಟಿಯಾಗೆ ನಾನೇ ನೋಡಿವ್ನಿ."

"ಕೇಳಿಸ್ತಾ? ಆಪೀಸಿನೋನು ಯೋಳ್ತಾವ್ನೆ," ಎಂದು ಮಾವನ ಕಡೆ ತಿರುಗಿದಳು.

"ಪಾಕ್ಕಲಾಂ," ಅಂದರು ಮಾವ ತಮಿಳಿನಲ್ಲಿ. ನೋಡೋಣ ಎಂದು. ಆಮೇಲೆ ಕುರಿಗಳನ್ನು ಅವರೇ ಕುಳಿಗೆ ಹೊತ್ತರು.

ಮಳೆ ಬಿದ್ದ ಮೇಲೆ ಹೇಳಿಕಳಿಸಿದರು. ನಾನು ಹೋಗುವಷ್ಟರಲ್ಲಿ, ವಾಂತಿಭೇದಿ ಹಿಡಿದ ಮಾವನನ್ನು ಸೇಲಂ ಆಸ್ಪತ್ರೆಗೆ ಒಯ್ದಿದ್ದರು. ಅತ್ತೆ ಬಾವಿಕಟ್ಟೆಯ ಮೇಲೆ ಕೂತಿದ್ದಳು. ಅಂಗೈ ಬಿಚ್ಚಿ ತೋರಿಸಿದಳು: ಒದ್ದೆ ಉಣ್ಣೆಯ ಸಣ್ಣ ಎಳೆಗಂಟು, ಅದರ ತುದಿಯಲ್ಲಿ ನೀಲಿ. ಕುರಿ ಬೆರೆತುಹೋಗದಿರಲೆಂದು ಒಂದೊಂದು ಮನೆಯವರು ಒಂದೊಂದು ಬಣ್ಣ ಬಳಿಯುತ್ತಾರೆ. ಹಟ್ಟಿಯಲ್ಲಿ ನೀಲಿ ಅವಳೊಬ್ಬಳದೇ.

"ಬಿಂದಿಗೆಯಾಗೆ ಬಂತು," ಅಂದಳು. "ನಮ್ದೇ ಕಣ್ಲಾ."

ಅಲ್ಲಿಂದ ನೇರ ಕುಳಿಗೆ ಹೋದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂಚಿನ ಬಂಡೆಗೆ ಉಪಕರಣವಿಟ್ಟು ಮೂರು ಸಲ ಅಳೆದೆ. ಮೂರು ಸಲವೂ ಪೂರ್ವ. ನೂರು ಹೆಜ್ಜೆಯೊಳಗೆ ಪದರ ಮಡಿಚಿಕೊಂಡು, ದಿಬ್ಬದ ಅಡಿಯಿಂದ ಬಾವಿಯ ಕಡೆಗೆ ತಿರುಗಿತ್ತು. ಭೂವಿಜ್ಞಾನಿ ಹೊಸ ಅಂಕಿಗೆ ಹೊಸ ಮಣ್ಣು ಒತ್ತಿ ಸೀಳಿದರು. ಬಿಳಿ ಪದರ ನೆಟ್ಟಗೆ ಬಾವಿಯ ಕೆಳಗೆ ಹೋಗಿತ್ತು. ಅವರು ನನ್ನ ಹಳೆಯ ಪುಸ್ತಕ ತೆರೆದು ಆ ಸಾಲನ್ನು ನೋಡಿದರು.

ಮಾವ ಬದುಕಲಿಲ್ಲ. ವೈದ್ಯರು ಬಾವಿನೀರಿನ ಮಾತು ಎತ್ತಲಿಲ್ಲ. ಆ ವಾರ ಅದೇ ನೀರು ಕುಡಿದ ಇನ್ನೂ ನಾಲ್ವರು ವಾಂತಿಭೇದಿಯಿಂದ ಮಲಗಿ ಎದ್ದರು. ನಾನು ಖಚಿತವಾಗಿ ಹೇಳಬಲ್ಲದ್ದು ಇಷ್ಟೇ.

ಬಾವಿಗೆ ಮುಳ್ಳು ಮುಚ್ಚಿದರು. ಕರ್ಮ ಮುಗಿದ ಮೇಲೆ, ಆ ದಿನ ಕುಳಿಯ ತನಕ ಹೋಗಿರಲಿಲ್ಲವೆಂದು ಅತ್ತೆಗೆ ಹೇಳಿದೆ. ಕಾರಣವನ್ನೂ ಹೇಳಿದೆ.

"ತಲೆಗೆ ನೀರು ಆಕ್ಕಳಾಕೆ ಬ್ಯಾಸರಾತಾ?" ಅಂದಳು. "ನಾನೇ ಕಾಸಿ ಕೊಡ್ತಿದ್ನಲ್ಲಪ್ಪಾ."

ಗೋಡೆಯ ಪಕ್ಕದಲ್ಲಿ ದೂರದ ಬಾವಿಯಿಂದ ಹೊತ್ತು ತಂದ ಎರಡು ಬಿಂದಿಗೆ ನೀರಿತ್ತು. ಎದ್ದು ಹೋಗಿ, ಒಂದರಿಂದ ನನಗೆ ಕುಡಿಯಲು ಕೊಟ್ಟಳು.