ಬೋರಿನ ನೀರಿನಲ್ಲಿ ಬದುಕಿದ ಮೀನುಗಳು

ಮನೆಗೆ ಬೀಗ ಹಾಕಿ, ಮೂರು ಸಲ ಜಗ್ಗಿ ನೋಡಿ, ಓಣಿಯ ತುದಿಯಿಂದ ಮರಳಿ ಬಂದು ನಾಲ್ಕನೆಯ ಸಲ ಜಗ್ಗುವವನು ನಾನು. ಇಂಥವನು ಪ್ರಯೋಗಾಲಯದಲ್ಲಿ ತಪ್ಪು ಮಾಡಲಾರ ಎಂದು ಜನ ನಂಬಿದ್ದರು. ನಾನೂ ನಂಬಿದ್ದೆ.

ಬೆಟಗೇರಿಯಲ್ಲಿ ನನ್ನ ಕೆಲಸ, ಕಾರ್ಖಾನೆಯ ರಾಸಾಯನಿಕ ನೀರಿಗೆ ಸೇರಿದರೆ ಮೀನಿಗೆ ಎಷ್ಟು ವಿಷ ಎಂದು ಅಳೆಯುವುದು. ಗಾಜಿನ ತೊಟ್ಟಿಗಳಲ್ಲಿ ಬೇರೆ ಬೇರೆ ಪ್ರಮಾಣ ಬೆರೆಸಿ, ಮೀನು ಬಿಟ್ಟು, ನಾಲ್ಕು ದಿನ ಸತ್ತವನ್ನು ಎಣಿಸಬೇಕು. ಅರ್ಧದಷ್ಟು ಮೀನುಗಳು ಸಾಯುವ ಪ್ರಮಾಣ ಕಡಿಮೆಯಾದಷ್ಟೂ ವಿಷ ತೀವ್ರ. ಅತಿ ತೀವ್ರವಾದ ಮೊದಲನೆಯ ವರ್ಗವಾದರೆ ಡಬ್ಬಿಯ ಮೇಲೆ ಸತ್ತ ಮೀನಿನ ಚಿತ್ರ ಬರುತ್ತದೆ, ಎರಡನೆಯದಾದರೆ ಚಿತ್ರವಿಲ್ಲ.

ಆ ಸಲ ಬಂದದ್ದು ನೂಲಿಗೆ ಬಣ್ಣ ಹಿಡಿಸುವ, ತಾಮ್ರ ಬೆರೆತ ದ್ರಾವಣ. ತಂದವರು ಊರಾಚೆ ನೂಲಿಗೆ ಬಣ್ಣ ಹಾಕುವ ಒಬ್ಬ ಹಿರಿಯರು. ನಾನು ಕಾಕಾ ಎನ್ನುತ್ತೇನೆ. ಅದನ್ನು ಬೇರೆ ಬಣ್ಣಗಾರರಿಗೂ ಮಾರಬೇಕೆಂದಿದ್ದರು. ನೂಲು ತೊಳೆದ ನೀರನ್ನು ಹಳ್ಳಕ್ಕೆ ಬಿಡಬಹುದೇ ಎಂದೂ ಕೇಳಿದ್ದರು. ಹಳ್ಳ ಹೋಗಿ ಸೇರುವುದು ಕೆರೆಗೆ.

ಆ ವಾರ ನಳಕ್ಕೆ ಹೊಳೆಯ ನೀರು ಬರಲಿಲ್ಲ. ತೊಟ್ಟಿಗಳಿಗೆ ಬೋರಿನ ನೀರು ತುಂಬಿದೆ. ನೀರಿನ ಗಡಸುತನ ಬರೆಯುವ ಜಾಗದಲ್ಲಿ ಹಳೆಯ ವರದಿಯ ಅಂಕಿಯನ್ನೇ ನಕಲು ಮಾಡಿದೆ. ಬೀಗವನ್ನು ನಾಲ್ಕು ಸಲ ಜಗ್ಗುವವನು ಗಡಸುತನವನ್ನು ಒಂದು ಸಲವೂ ಅಳೆಯಲಿಲ್ಲ. ಮೀನು ಹೆಚ್ಚು ಸಾಯಲಿಲ್ಲ. ಎರಡನೆಯ ವರ್ಗ ಎಂದು ಬರೆದುಕೊಟ್ಟು, ನೀರು ಬೆರೆಸಿ ತೆಳ್ಳಗೆ ಮಾಡಿ ಬಿಟ್ಟರೆ ನಡೆಯುತ್ತದೆ ಎಂದು ಬಾಯಿಮಾತಿನಲ್ಲೂ ಹೇಳಿದೆ.

ಕೆಲವು ದಿನಗಳ ಮೇಲೆ ಊಟಕ್ಕೆ ಕುಳಿತಾಗ ಬೇಳೆ ಹಲ್ಲಿಗೆ ಸಿಕ್ಕಿತು. ಮುಖ ಕಿವುಚಿದೆ.

“ಹೊಳಿ ನೀರು ಖಾಲಿ ಆಗಿತ್ತು, ಬೋರಿಂದು ಹಾಕೀನಿ,” ಎಂದಳು ಹೆಂಡತಿ. “ಆ ಗಡಸು ನೀರಾಗ ಬ್ಯಾಳಿ ಬೇಯಂಗಿಲ್ಲ ಅಂತ ನಿಮ್ಮಂಥಾ ಓದಿದವರಿಗೂ ನಾನ ಹೇಳಬೇಕೇನ್ರಿ?”

ನಾನು ತೊಟ್ಟಿಗಳಿಗೆ ತುಂಬಿದ್ದೂ ಬೋರಿನ ನೀರೇ. ಗಡಸು ನೀರಿನಲ್ಲಿ ತಾಮ್ರದ ವಿಷ ಮೀನಿಗೆ ಅಷ್ಟಾಗಿ ತಟ್ಟುವುದಿಲ್ಲ. ಕೆರೆಯದು ಮಳೆಯ ನೀರು, ಮೆದು.

ಮರುದಿನವೇ ಕೆರೆಯ ನೀರು ತಂದು ಪರೀಕ್ಷೆ ಮತ್ತೆ ಶುರು ಮಾಡಿದೆ. ಕಾಕಾಗೆ ಅಂದೇ ಫೋನ್ ಮಾಡಬೇಕಿತ್ತು. ಮೊದಲು ಖಾತ್ರಿಯಾಗಲಿ ಎಂದು ನಾಲ್ಕು ದಿನ ಸುಮ್ಮನಿದ್ದೆ. ಖರೆ ಹೇಳಬೇಕೆಂದರೆ, ಹೆದರಿದ್ದೆ. ತೀರ ಕಡಿಮೆ ಪ್ರಮಾಣದ ತೊಟ್ಟಿಯಲ್ಲೂ ಮೀನು ತೇಲಿದವು. ಮೊದಲನೆಯ ವರ್ಗ.

ಹೋಗಿ ಹೇಳಿದೆ. ಕಾಕಾ ಬಣ್ಣದ ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡರು.

“ಮೊನ್ನೆನೇ ಬಿಟ್ಟೀನಲ್ರಿ ಸಾಹೇಬ್ರ, ನಿಮ್ಮ ಕಾಗದ ನೋಡಿ. ನಿಮಗ ಯಾವಾಗ ಗೊತ್ತಾತು?”

“ಐದು ದಿನದ ಹಿಂದನ ಸಂಶೇ ಬಂದಿತ್ತು, ಕಾಕಾ.”

ಅವರು ಸಲಿಕೆ ತಂದು ಹಳ್ಳಕ್ಕೆ ಹೋಗುವ ಕಾಲುವೆಗೆ ಮಣ್ಣು ಎಳೆಯತೊಡಗಿದರು. ನಾನೂ ಕೈಹಾಕಿದೆ. ಆಮೇಲೆ ಕೆರೆಗೆ ಹೋದೆವು. ಹಳ್ಳ ಸೇರುವ ಮೂಲೆಯಲ್ಲಿ ಬೆರಳುದ್ದದ ಮೀನುಗಳು ಹೊಟ್ಟೆ ಮೇಲಾಗಿ ಬಿದ್ದಿದ್ದವು. ನಾನು ಎಣಿಸತೊಡಗಿದೆ, ಅಭ್ಯಾಸಬಲ.

“ಎಣಸಬ್ಯಾಡ್ರಿ,” ಎಂದರು ಕಾಕಾ. “ಆರಿಸಿ ತಗೀರಿ. ದನಾ ನೀರಿಗೆ ಬರೂ ಹೊತ್ತಾತು.”

ತಿದ್ದಿದ ವರದಿಯಲ್ಲಿ ಬದಲಾವಣೆಯ ಕಾರಣ ಬರೆಯಲು ಒಂದು ಸಾಲು ಇರುತ್ತದೆ. ‘ನೀರಿನ ಗುಣದಲ್ಲಿ ವ್ಯತ್ಯಾಸ’ ಎಂದು ಬರೆದೆ. ತಪ್ಪು ನೀರಿನದು ಎನ್ನುವ ಹಾಗಿತ್ತು. ಅದನ್ನು ಹೊಡೆದುಹಾಕಿ ‘ಅಳೆಯದೆ ಅಂಕಿ ಬರೆದೆ’ ಎಂದು ತುಂಬಿದೆ. ಸುಮ್ಮನಿದ್ದ ನಾಲ್ಕು ದಿನಗಳಿಗೆ ಆ ನಮೂನೆಯಲ್ಲಿ ಜಾಗವಿರಲಿಲ್ಲ.