ಎತ್ತಿದ ಕೈ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಆಕೆ ಸಹಾಯಕಿ. ಆ ಮಾತು ಮಾತ್ರ ಆಕೆಗೆ ಹಿಡಿಸುತ್ತಿರಲಿಲ್ಲ. ಕುರ್ಚಿಯ ಒಂದು ಪಕ್ಕ ಡಾಕ್ಟರು, ಇನ್ನೊಂದು ಪಕ್ಕ ತಾನು. ಇದರಲ್ಲಿ ಯಾರು ಯಾರಿಗೆ ಸಹಾಯ ಮಾಡುತ್ತಾರೆಂದು ಹೇಳುವವರು ಯಾರು ಎಂಬುದು ಆಕೆಯ ವಾದ. ಊರಿನ ಅರ್ಧ ದವಡೆಗಳು ತನ್ನ ಕಣ್ಣೆದುರೇ ಖಾಲಿಯಾದವು ಎಂಬ ಹೆಮ್ಮೆ ಬೇರೆ. ಬಸ್ಸಿನಲ್ಲಿ ಯಾರಾದರೂ ನಕ್ಕರೆ ಸಾಕು, ಮುಖಕ್ಕಿಂತ ಮೊದಲು ಹಲ್ಲಿನ ಗುರುತು ಹಿಡಿಯುತ್ತಿದ್ದಳು.

ಮಕ್ಕಳನ್ನು ಆ ಕುರ್ಚಿಯಲ್ಲಿ ಕೂರಿಸುವುದರಲ್ಲಂತೂ ಆಕೆ ಎತ್ತಿದ ಕೈ. ಸೂಜಿ, ನೋವು, ರಕ್ತ ಎಂಬ ಮಾತುಗಳು ಆಕೆಯ ಬಾಯಲ್ಲಿ ಬರುವಂತೆಯೇ ಇಲ್ಲ. ಸೂಜಿಗೆ ಇರುವೆ, ಕೊರೆಯುವ ಯಂತ್ರಕ್ಕೆ ದುಂಬಿ, ಉಗುಳು ಹೀರುವ ಕೊಳವೆಗೆ ಆನೆಮರಿ. "ಒಂದೇ ಒಂದು ಇರುವೆ ಮುತ್ತು ಕೊಡುತ್ತೆ ಕಂದ, ಆಮೇಲೆ ನಿನ್ನ ಹಲ್ಲು ಗೊರಕೆ ಹೊಡೆಯುತ್ತೆ, ಕೇಳಿಸ್ಕೋ" ಎಂದರೆ ಎಂಥ ರಚ್ಚೆಯ ಮಗುವೂ ಕಿವಿಗೊಟ್ಟು ಕೂರುತ್ತಿತ್ತು. ಮಕ್ಕಳ ಪಾಲಿಗೆ ಆಕೆ ಇರುವೆ ಆಂಟಿ. ಡಾಕ್ಟರು ತಮ್ಮ ಬೋರ್ಡಿನಲ್ಲಿ ತಮ್ಮ ಹೆಸರಿನ ಕೆಳಗೆ 'ಮಕ್ಕಳ ಮನಸ್ಸು ಬಲ್ಲವರು' ಎಂದು ಬರೆಸಿಕೊಂಡಿದ್ದರು. ಮಗು ಕಿರುಚಿದಾಗ ಮೊದಲು ಬಾಗಿಲ ಕಡೆ ನೋಡುತ್ತಿದ್ದವರೂ ಅವರೇ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮನೆಗೆ ಬಂದು ಊಟಕ್ಕೆ ಕೂತರೆ ಆಕೆಗೊಂದು ಸಭೆ ಬೇಕು. ಸಭೆಯೆಂದರೆ ಮಗಳು ಮತ್ತು ಎರಡನೇ ಕ್ಲಾಸಿನ ಮೊಮ್ಮಗಳು.

"ಸೂಜಿ ಅಂತ ಗೊತ್ತೇ ಆಗ್ಲಿಲ್ಲ ಆ ಪೆದ್ದನಿಗೆ! ಇರುವೆ ಎಲ್ಲೋಯ್ತು ಅಂತ ಅಂಗಿಯೊಳಗೆಲ್ಲ ಹುಡುಕ್ತಾ ಇದ್ದ!" ಎಂದು ಅಂಗಿ ಕೊಡವುವುದನ್ನೂ ಅಭಿನಯಿಸಿ ತೋರಿಸುತ್ತಿದ್ದಳು. ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಗುತ್ತ ನಗುತ್ತ ಎಲ್ಲವನ್ನೂ ಕಲಿತುಕೊಂಡಳು.

ಹಾಗಾಗಿ ತನ್ನದೇ ಹಲ್ಲು ನೋಯತೊಡಗಿದಾಗ ಹುಡುಗಿ ಬಾಯಿ ಬಿಡಲಿಲ್ಲ. ಒಂದೇ ಮಗ್ಗುಲಲ್ಲಿ ಅಗಿದಳು. ಆಮೇಲೆ ಊಟವೇ ಬೇಡವೆಂದಳು. "ಶಾಲೆ ಹತ್ರ ಏನೋ ತಿಂದಿರ್ತಾಳೆ ಬಿಡು" ಎಂದಳು ಅಜ್ಜಿ. ಊರ ಹಲ್ಲೆಲ್ಲ ಬಲ್ಲವಳಿಗೆ ಮನೆಯ ಹಲ್ಲು ಕಾಣಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಕೆನ್ನೆ ಬನ್ನಿನಂತೆ ಊದಿದೆ, ಮೈ ಸುಡುತ್ತಿದೆ, ಒಂದು ಕಣ್ಣು ಅರ್ಧ ಮುಚ್ಚಿಕೊಂಡಿದೆ.

"ದಿನಾ ಅಲ್ಲೇ ಇರ್ತೀಯಲ್ಲಮ್ಮ, ನಿನ್ನ ಕಣ್ಣಿಗೂ ಬೀಳ್ಲಿಲ್ವಾ?" ಎಂದಳು ಮಗಳು. ಆಕೆ ಚಪ್ಪಲಿ ಮೆಟ್ಟಿಕೊಂಡು ಮೊಮ್ಮಗಳನ್ನು ಕ್ಲಿನಿಕ್ಕಿಗೆ ಕರೆದೊಯ್ದಳು.

ಡಾಕ್ಟರು ನೋಡಿದರು. "ಹಾಲುಹಲ್ಲೇ. ಆದ್ರೆ ಬುಡದಲ್ಲಿ ಕೀವು ತುಂಬಿದೆ, ಸೋಂಕು ಕಣ್ಣಿನ ಕಡೆ ಹತ್ತುತ್ತಾ ಇದೆ. ಇವತ್ತೇ ಕೀಳ್ಬೇಕು. ಕೀವಿರೋ ಕಡೆ ಮರಗಟ್ಟಿಸೋ ಮದ್ದು ಪೂರ್ತಿ ಹಿಡಿಯಲ್ಲ, ಅದೇ ಕಷ್ಟ. ನೀವು ಹೇಗೂ ಇದ್ದೀರಲ್ಲ."

ಆಕೆ ಕುರ್ಚಿಯ ಮೇಲೆ ಬಗ್ಗಿದಳು. "ಕಂದಾ, ಒಂದು ಪುಟ್ಟ..."

"ಇರುವೆ ಅಂದ್ರೆ ಸೂಜಿ. ದುಂಬಿ ಅಂದ್ರೆ ಕೊರೆಯೋದು," ಹುಡುಗಿ ಹಲ್ಲು ಕಚ್ಚಿಕೊಂಡೇ ಹೇಳಿದಳು. "ನಾನೇನು ಪೆದ್ದಿ ಅಲ್ಲ ಅಜ್ಜಿ."

ಬೋರ್ಡಿನ ಮರ್ಯಾದೆಗಾದರೂ ಏನಾದರೂ ಮಾಡಬೇಕೆನಿಸಿ ಡಾಕ್ಟರು, "ಏನಮ್ಮಾ ರಾಜಕುಮಾರಿ..." ಎಂದರು. ರಾಜಕುಮಾರಿ ಗೋಡೆಯ ಕಡೆ ತಿರುಗಿಕೊಂಡಳು.

ಇನ್ನು ಉಳಿದದ್ದು ಕೈ ಎತ್ತುವ ನಿಯಮ ಒಂದೇ. ಡಾಕ್ಟರ ಕಣ್ಣು ಬಾಯೊಳಗಿರುತ್ತದೆ. ಮಗು ಎಡಗೈ ಎತ್ತಿದರೆ ಆಕೆ ಅವರ ತೋಳು ತಟ್ಟಬೇಕು, ಅವರು ತಕ್ಷಣ ನಿಲ್ಲಿಸಬೇಕು. ಊಟದ ಹೊತ್ತಿನಲ್ಲಿ ಇದನ್ನು ಆಕೆ ಎಂದೂ ಹೇಳಿರಲಿಲ್ಲ. ಇದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಈಗ ಮೊಮ್ಮಗಳಿಗೆ ಹೇಳಿದಳು.

"ಇದೂ ಸುಳ್ಳಾ?"

"ಇಲ್ಲ ಕಣೇ, ಇದು ನಿಜ. ನೋವೂ ಆಗುತ್ತೆ, ಅದನ್ನೂ ಹೇಳ್ಬಿಡ್ತೀನಿ. ತಡ್ಕೊಳ್ಳೋಕಾಗಲ್ಲ ಅನ್ಸಿದ್ರೆ ಕೈ ಎತ್ತು. ನಿಲ್ಲಿಸ್ತೀವಿ."

"ನನ್ನಾಣೆ ಹೇಳು."

"ನಿನ್ನಾಣೆ."

ಹುಡುಗಿ ಬಾಯಿ ತೆರೆದಳು.

ಸೂಜಿ ತಾಗುತ್ತಲೇ ಕೈ ಎತ್ತಿದಳು. ನಿಂತಿತು. ಅಜ್ಜಿಯ ಮುಖ ನೋಡಿದಳು, ಮತ್ತೆ ತಾನಾಗಿಯೇ ಬಾಯಿ ತೆರೆದಳು. ಇಷ್ಟು ವರ್ಷದ ಇರುವೆ, ದುಂಬಿ, ಆನೆಮರಿಗಳೆಲ್ಲ ಸೇರಿ ಮಾಡದ ಕೆಲಸವನ್ನು ಒಂದು ನಿಜ ಮಾಡಿತ್ತು.

ಡಾಕ್ಟರು ಇಕ್ಕಳ ಹಾಕಿದರು. ಹಲ್ಲು ಸಡಿಲವಾಯಿತು. ಆಗ ಕೈ ಮತ್ತೆ ಮೇಲೆದ್ದಿತು.

ಆಕೆಗೆ ಕಂಡಿತು. ಇನ್ನೊಂದು ತಿರುವಿಗೆ ಹಲ್ಲು ಬಂದೇಬಿಡುತ್ತದೆ ಎಂಬುದೂ ಕಂಡಿತು. ಈಗ ಬಿಟ್ಟರೆ ಇವಳು ಮತ್ತೆ ಬಾಯಿ ತೆರೆಯದಿದ್ದರೆ? ಆ ಕಣ್ಣಿನ ಗತಿ? ಆಕೆ ಡಾಕ್ಟರ ತೋಳು ತಟ್ಟಲಿಲ್ಲ. ಮೊಮ್ಮಗಳ ಕೈ ಹಿಡಿದು ಕುರ್ಚಿಗೆ ಒತ್ತಿದಳು. ಅದು ಬಿಡಿಸಿಕೊಳ್ಳಲು ಒದ್ದಾಡಿ, ಆಮೇಲೆ ಇದ್ದಕ್ಕಿದ್ದಂತೆ ಮೆತ್ತಗಾಯಿತು.

ಹಲ್ಲು ಬಂತು, ಕೀವೂ ಬಂತು. "ನೋಡಿದ್ರಾ, ಮಕ್ಕಳನ್ನ ಮಾತಾಡಿಸೋ ರೀತಿ ಗೊತ್ತಿರ್ಬೇಕು" ಎಂದು ಡಾಕ್ಟರು ಗ್ಲೌಸ್ ಕಳಚಿದರು. ಹುಡುಗಿ ಅಳಲಿಲ್ಲ. ಅಳುವ ಮಕ್ಕಳಿಗೆ ಹೇಳುವ ಮಾತು ಆಕೆಯ ಬಳಿ ರಾಶಿ ರಾಶಿ ಇತ್ತು. ಅಳದೆ ತನ್ನನ್ನೇ ನೋಡುತ್ತಿರುವ ಮಗುವಿಗೆ ಹೇಳುವಂಥದ್ದು ಒಂದೂ ಇರಲಿಲ್ಲ.

"ಊತ ಇಳೀತಲ್ಲಮ್ಮ, ಬಿಡು. ಮಕ್ಕಳು ಮರೆತುಬಿಡ್ತಾರೆ" ಎಂದಳು ಮಗಳು ನಾಲ್ಕು ದಿನ ಕಳೆದ ಮೇಲೆ. ಮರೆತ ಹಾಗೆಯೇ ಕಾಣುತ್ತಿತ್ತು. ಹುಡುಗಿ ಆಡಿದಳು, ಅಜ್ಜಿಯ ಪಕ್ಕದಲ್ಲೇ ಕೂತು ಉಂಡಳು. ಅಜ್ಜಿ ಈಗ ಊಟದ ಹೊತ್ತಿನಲ್ಲಿ ಕಥೆ ಹೇಳುತ್ತಿರಲಿಲ್ಲ. ಹೇಳು ಎಂದು ಯಾರೂ ಕೇಳಲೂ ಇಲ್ಲ.

ಒಂದು ಸಂಜೆ ಶಾಲೆಯಿಂದ ಬಂದವಳು ಕುಂಟುತ್ತಿದ್ದಳು.

"ಕಾಲಿಗೇನಾಯ್ತೇ?"

"ಏನಿಲ್ಲ ಅಜ್ಜಿ."

"ನೋಯ್ತಾ ಇದ್ಯಾ?"

"ಸ್ವಲ್ಪಾನೂ ಇಲ್ಲ," ಎಂದಳು ಹುಡುಗಿ ನಗುನಗುತ್ತ, ದೊಡ್ಡವರು ಮಕ್ಕಳನ್ನು ರಮಿಸುವ ದನಿಯಲ್ಲಿ.

ಮರುದಿನ ಒಗೆಯುವ ಬಟ್ಟೆಯ ರಾಶಿಯ ಅಡಿಯಲ್ಲಿ ಆಕೆಗೆ ಒಂದು ಕಾಲುಚೀಲ ಸಿಕ್ಕಿತು, ಉಂಡೆ ಸುತ್ತಿ ಅದರ ಜೋಡಿ ಕಾಲುಚೀಲದೊಳಗೆ ತುರುಕಿದ್ದು. ಬಿಡಿಸಿ ನೋಡಿದರೆ ಹಿಮ್ಮಡಿಯ ಜಾಗ ಒಣಗಿದ ರಕ್ತದಿಂದ ಗಟ್ಟಿಯಾಗಿತ್ತು. ಆಕೆ ಬಕೆಟ್ಟಿಗೆ ತಣ್ಣೀರು ಬಿಟ್ಟು ಅದನ್ನು ನೆನೆಹಾಕಿ, ನೀರು ಕೆಂಪಗಾಗುವುದನ್ನು ನೋಡುತ್ತ ಅಲ್ಲೇ ಕೂತಳು.