ಶವಾಗಾರದ ಎದುರಿನ ಬೆಂಚು

ಬೆಂತ್ಸಿವಾಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಮಾತಿನಲ್ಲಿ ಹುಳುಕು ಹುಡುಕುವುದು ಬೇಡ. ನಮ್ಮ ಕಡಲತೀರದ ಊರು ಸಾಲ್ಟ್‌ಪಾಂಡ್‌ನಲ್ಲಿ ಅವಳನ್ನು ಹೊಗಳುವವರು ಬೇಕಾದಷ್ಟಿದ್ದಾರೆ. ಆದರೆ ನನ್ನಷ್ಟು ಕಣ್ಣಿಟ್ಟು ಅವಳನ್ನು ನೋಡಿದವರು ಯಾರೂ ಇಲ್ಲ.

ನಾವಿಬ್ಬರೂ ಆಂಟಿ ಮಾನ್ಸಾ ಬಳಿ ಹೊಲಿಗೆ ಕಲಿತವರು. ಕಲಿಕೆ ಮುಗಿದ ದಿನ ಗುರು ಶಿಷ್ಯೆಯ ತಲೆಗೆ, ಕುತ್ತಿಗೆಗೆ ಪೌಡರ್ ಸುರಿದು ಹರಸಿ ಕಳಿಸಬೇಕು. ಆ ಹಾರೈಕೆ ಪಡೆಯದೆ ಅಂಗಡಿ ತೆರೆದವಳ ಬಾಗಿಲಿಗೆ ನೊಣವೂ ಸುಳಿಯುವುದಿಲ್ಲ. ನಮ್ಮಿಬ್ಬರನ್ನೂ ಒಟ್ಟಿಗೇ ಕೂರಿಸಿದ್ದರು. ಆಂಟಿ ಅವಳ ಮೇಲೆ ಧಾರಾಳವಾಗಿ ಸುರಿದರು. ನನ್ನ ಸರದಿ ಬರುವ ಹೊತ್ತಿಗೆ ಡಬ್ಬಿಯ ತಳ ಬಡಿಯಬೇಕಾಯಿತು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮರುವಾರವೇ ನಾನು ವ್ಯಾನ್ ನಿಲ್ದಾಣದ ಎದುರು ಅಂಗಡಿ ಹಾಕಿದೆ. ಬಾಡಿಗೆ ಜಾಸ್ತಿ, ಆದರೆ ಊರಿಗೆ ಇಳಿಯುವವರೆಲ್ಲ ನನ್ನ ಗಾಜಿನ ಬೀರು ನೋಡಿಯೇ ಮುಂದೆ ಹೋಗಬೇಕು, ಅದು ನನ್ನ ಲೆಕ್ಕಾಚಾರ. ಫಲಕದ ಮೇಲೆ ‘ಅಸೂಯೆ ಬಿಡಿ, ದುಡಿಯಿರಿ’ ಎಂದು ಕೆಂಪಕ್ಷರದಲ್ಲಿ ಬರೆಸಿದೆ. ನಗಬೇಡಿ.

ಬೆಂತ್ಸಿವಾ ಮಾತ್ರ ಅಂಗಡಿಯ ಸುದ್ದಿಯೇ ಎತ್ತಲಿಲ್ಲ. ತಲೆಯ ಮೇಲೆ ನೀರಿನ ಪಾಕೀಟುಗಳ ತಟ್ಟೆ ಹೊತ್ತುಕೊಂಡು ಊರೆಲ್ಲ ಸುತ್ತತೊಡಗಿದಳು. ನನಗೆ ಒಳಗೊಳಗೇ ಖುಷಿ. ಒಂದು ದಿನ ಕರೆದು ಕೆಣಕಿದೆ.

"ಏನೇ, ಕತ್ತರಿ ಹಿಡಿಯೋ ಕೈಲಿ ನೀರು ಮಾರ್ತಿದೀಯ? ಆಂಟಿ ಸುರಿದ ಪೌಡರೆಲ್ಲ ಬೆವರಲ್ಲೇ ಕೊಚ್ಕೊಂಡು ಹೋಯ್ತಾ?"

"ನೀರು ಬರೀ ನೆಪ ಕಣೇ. ಬಟ್ಟೆಗಂಟು ಹಿಡ್ಕೊಂಡಿರೋ ಹೆಂಗಸ್ರು ಎಲ್ಲಿ ಕೂರ್ತಾರೆ ಅಂತ ನೋಡ್ತಿದೀನಿ."

"ಕೂರೋರಿಗೆ ಹೊಲಿಯೋಕೆ ಹೊರಟಿದೀಯ?"

"ಮತ್ತೆ? ಓಡೋರಿಗೆ ಅಳತೆ ತೆಗೆಯೋಕಾಗುತ್ತಾ? ನಿನ್ನ ನಿಲ್ದಾಣದಲ್ಲಿ ಯಾರೂ ಕೂರಲ್ಲ, ಅರಬಾ. ಎಲ್ಲರೂ ಓಡ್ತಾರೆ."

ಒಂದು ಮಳೆಗಾಲವಿಡೀ ಹಾಗೆ ಸುತ್ತಿದಳು. ಕೊನೆಗೆ ಮರದ ಹಲಗೆಗಳ ಒಂದು ಗೂಡಂಗಡಿ ಹಾಕಿದಳು. ಎಲ್ಲಿ ಅಂತೀರಿ? ಶವಾಗಾರದ ಗೇಟಿನ ಎದುರಿಗೆ! ಆಂಟಿ ಮಾನ್ಸಾ ಎದೆ ಎದೆ ಬಡಿದುಕೊಂಡರು. "ಹೆಣದ ಮುಂದೆ ಹೊಲಿಗೆ ಅಂಗಡಿ ಹಾಕ್ತಾರೇನೇ, ಹುಚ್ಚುಮುಂಡೇದೆ!" ನಾನು ಅಂದು ರಾತ್ರಿ ಹೊಟ್ಟೆ ತುಂಬ ಮೀನಿನ ಜೊತೆ ಮುಸುಕಿನ ಜೋಳದ ಕೆಂಕಿ ಉಂಡೆ ತಿಂದು ನೆಮ್ಮದಿಯಾಗಿ ಮಲಗಿದೆ.

ಆ ನೆಮ್ಮದಿ ಬಹಳ ದಿನ ಉಳಿಯಲಿಲ್ಲ. ನಮ್ಮಲ್ಲಿ ಸತ್ತವರನ್ನು ಅವಸರದಲ್ಲಿ ಮಣ್ಣು ಮಾಡುವುದಿಲ್ಲ. ದೇಹ ತಣ್ಣನೆಯ ಕೋಣೆಯಲ್ಲಿ ವಾರಗಟ್ಟಲೆ ಕಾಯುತ್ತದೆ. ದಿನ ಗೊತ್ತುಮಾಡಲು ಕುಟುಂಬದವರು ಅಲ್ಲಿಗೇ ಬರುತ್ತಾರೆ, ಗೇಟಿನ ಮುಂದಿನ ಮರದಡಿ ಕೂರುತ್ತಾರೆ, ಇಡೀ ಕುಟುಂಬ ಉಡುವ ಒಂದೇ ಬಗೆಯ ಬಟ್ಟೆ ಯಾವುದೆಂದು ಅಲ್ಲೇ ಜಗಳವಾಡುತ್ತಾರೆ. ಬೆಂತ್ಸಿವಾ ಅಲ್ಲೊಂದು ಉದ್ದ ಬೆಂಚು ಹಾಕಿದಳು. ಅಳುವವರಿಗೆ ನೀರು ಕೊಟ್ಟಳು. ದೂರದ ಹಳ್ಳಿಗಳಿಂದ ಬಂದ ಅತ್ತೆ, ಚಿಕ್ಕಮ್ಮ, ಸೊಸೆಯರೆಲ್ಲರ ಅಳತೆಯನ್ನು ಅಲ್ಲೇ ಕೂರಿಸಿ ಒಂದೇ ಸಲಕ್ಕೆ ತೆಗೆದಳು. ಮಣ್ಣು ಮಾಡುವ ದಿನವಾದ ಶನಿವಾರ ಬಂತೆಂದರೆ ಊರಿನ ಅರ್ಧ ಜನದ ಮೈಮೇಲೆ ಅವಳ ಹೊಲಿಗೆ. ನನ್ನ ಗಾಜಿನ ಬೀರುವಿನಲ್ಲಿ ಜನ ಮುಖ ನೋಡಿಕೊಂಡು, ತಲೆ ಬಾಚಿಕೊಂಡು ವ್ಯಾನ್ ಹತ್ತುತ್ತಿದ್ದರು.

ಹೀಗಿರುವಾಗ ನನ್ನ ಅಮ್ಮ ತೀರಿಕೊಂಡಳು. ತುಂಬಿದ ವಯಸ್ಸು, ಚೆನ್ನಾಗಿ ಬಾಳಿ ಹೋದವರಿಗೆಂದು ಎಲ್ಲರೂ ಕಪ್ಪು-ಬಿಳಿ ಬಟ್ಟೆ ಉಡುವಂಥ ಸಾವು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅಳುವಿನ ನಡುವೆಯೂ ನನ್ನ ಮನಸ್ಸು ಒಂದೇ ಕಡೆ ಹೋಗಿತ್ತು. ಇಷ್ಟು ದೊಡ್ಡ ಕುಟುಂಬದ ಬಟ್ಟೆ, ಅದೂ ಹೆತ್ತ ತಾಯಿಯ ಸಾವಿನದು, ಇದೊಂದಾದರೂ ನನ್ನ ಕೈಯಲ್ಲಿ ಆಗಬೇಕು. ಆಗದಿದ್ದರೆ ಊರಲ್ಲಿ ನಾನು ಹೊಲಿಗೆಯವಳು ಎಂದು ಹೇಗೆ ತಲೆ ಎತ್ತಲಿ?

ಕುಟುಂಬದ ಹಿರಿಯ ಎಬೊ ಮಾವ, ಅಮ್ಮನ ತಮ್ಮ. ಅವನೇ ತೀರ್ಮಾನ ಹೇಳಿದ.

"ಬಟ್ಟೆ ಬೆಂತ್ಸಿವಾಗೆ ಕೊಟ್ಟಾಯ್ತು."

"ಮಾವ! ನಾನು ಸತ್ತೋಗಿದೀನಾ?"

"ಬಿಡ್ತು ಅನ್ನಮ್ಮ. ನೀನು ಮಗಳು. ಮಗಳು ಕೂತು ಅಳಬೇಕು, ಮಶೀನ್ ತುಳೀಬಾರದು."

ಸಿಟ್ಟು ನೆತ್ತಿಗೇರಿತು. ಎದ್ದವಳೇ ನೇರ ಆ ಗೂಡಂಗಡಿಗೆ ಹೋದೆ. ನಮ್ಮ ಚಿಕ್ಕಮ್ಮಂದಿರು ಆಗಲೇ ಬೆಂಚಿನ ತುಂಬ ಕೂತಿದ್ದರು. ಅವರ ಮುಂದೆಯೇ ಕೂಗಾಡಿದೆ. "ಇಡೀ ಊರು ನಿಂದಾಯ್ತು. ಈಗ ನಮ್ಮಮ್ಮನೂ ಬೇಕಾ ನಿಂಗೆ?"

ಬೆಂತ್ಸಿವಾ ಒಳಗಿನಿಂದ ಒಂದು ಪೊಟ್ಟಣ ತಂದು ನನ್ನ ಕೈಗಿಟ್ಟಳು. ಬಿಚ್ಚಿದರೆ ಬಿಳಿ ಲೇಸಿನ ಬಟ್ಟೆ, ಕತ್ತರಿಸಿ ಇಟ್ಟದ್ದು, ಒಂದು ಹೊಲಿಗೆಯೂ ಬಿದ್ದಿಲ್ಲ.

"ಇದು ನಿಮ್ಮಮ್ಮಂಗೆ ಕೊನೇಲಿ ತೊಡಿಸೋದು. ಈಸ್ಟರ್ ಆದ್ಮೇಲೆ ಅವರೇ ಬಂದು ಅಳತೆ ಕೊಟ್ಟು ಹೋದ್ರು. ‘ಕತ್ತರಿಸಿಡು, ಹೊಲಿಯೋಳು ಅರಬಾ’ ಅಂದ್ರು. ಈ ಒಂದನ್ನ ಮಾತ್ರ ನೀನು ಹೊಲೀಬೇಕಂತೆ. ಮಾವಂಗೆ ನಾನು ಹೇಳ್ತೀನಿ ಬಿಡು."

"ನನ್ ಹತ್ರ ಯಾಕೆ ಬರ್ಲಿಲ್ಲ?"

"ನೀನು ಅಳತೆ ತೆಗೀತಾ ಅತ್ತುಬಿಡ್ತೀಯ ಅಂತ. ಮತ್ತೆ..." ಅವಳು ಪೊಟ್ಟಣದ ದಾರವನ್ನು ಬೆರಳಿಗೆ ಸುತ್ತಿದಳು. "ನಿನ್ನ ಅಂಗಡೀಲಿ ಕೂರೋಕೆ ಜಾಗ ಇಲ್ವಂತೆ ಕಣೇ. ಮಂಡಿನೋವು ಅವರಿಗೆ."

ಆ ಬಿಳಿ ಲೇಸನ್ನು ನಾನು ಹೊಲಿದೆ. ಶನಿವಾರ ಅಮ್ಮನನ್ನು ನೋಡಲು ಸಾಲಾಗಿ ಬಂದ ಹೆಂಗಸರು ಹೊಲಿಗೆ ಯಾರದೆಂದು ಪಿಸುಗುಟ್ಟಿದರು. ಬೆಂತ್ಸಿವಾ ಎಲ್ಲರಿಗೂ ಕೇಳುವ ಹಾಗೆ ನನ್ನ ಹೆಸರು ಹೇಳಿದಳು.

ಈಗ ನನ್ನ ಅಂಗಡಿಯಲ್ಲೂ ಒಂದು ಬೆಂಚು ಇದೆ. ಗಿರಾಕಿಗಳು ಕೂರುತ್ತಾರೆ, ವ್ಯಾಪಾರವೂ ಪರವಾಗಿಲ್ಲ. ಅವಳ ಅಂಗಡಿಯ ಮೇಲಿನ ಹೊಟ್ಟೆಕಿಚ್ಚು ಹೇಗೋ ತಣ್ಣಗಾಯಿತು. ಆದರೆ ಈಸ್ಟರ್ ಕಳೆದ ಆ ದಿನ ನಮ್ಮಮ್ಮ ಮಂಡಿ ನೀವಿಕೊಳ್ಳುತ್ತಾ ಅವಳ ಬೆಂಚಿನ ಮೇಲೆ ಕೂತಿದ್ದಳಲ್ಲ, ಆ ಬೆಂಚಿನ ಮೇಲಿನ ಹೊಟ್ಟೆಕಿಚ್ಚು ಮಾತ್ರ ಇನ್ನೂ ಆರಿಲ್ಲ.